ಹಣ್ಣಿನ ಮರಗಳಿಗೆ ಅಳಿಲು ತಡೆ: ತಗಡಿನ ಪಟ್ಟಿ, ಕೊಡೆ, ಜಾಲರಿ ಮನೆ, ಕಾಯಿಗೂಡು

ಈ ದಾಖಲೆಯಲ್ಲಿರುವುದು ನಾಲ್ಕು ಮರಗಳ ಕೆಲಸ. ಮೊದಲನೆಯದು ಒಂಟಿಯಾಗಿ ನಿಂತ ದೊಡ್ಡ ಮರ, ಕಾಂಡದ ಸುತ್ತಳತೆ 79 ಸೆಂ.ಮೀ. ಎರಡನೆಯದು 14 ಸೆಂ.ಮೀ. ದಪ್ಪದ ನೇರ ಕಾಂಡದ ಎಳೆಯ ಮರ. ಮೂರನೆಯದು ಮೊಣಕಾಲೆತ್ತರಕ್ಕೇ ಕವಲೊಡೆದ ಗಿಡ್ಡ ಮರ. ನಾಲ್ಕನೆಯದರ ಕೊಂಬೆಗಳು ಪಕ್ಕದ ಮರದ ಕೊಂಬೆಗಳ ಜೊತೆ ಹೆಣೆದುಕೊಂಡಿವೆ, ಬಿಡಿಸುವಂತಿಲ್ಲ. ಮೊದಲಿನ ಎರಡಕ್ಕೆ ಕಾಂಡದ ಮೇಲೇ ತಡೆ ಹಾಕಬಹುದು. ಮೂರನೆಯದಕ್ಕೆ ಸುತ್ತಲೂ ಜಾಲರಿಯ ಮನೆಯೇ ಬೇಕು. ನಾಲ್ಕನೆಯದಕ್ಕೆ ಕಾಯಿಗೊಂದು ಗೂಡು ಕಟ್ಟುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಅಳಿಲನ್ನು ಹೆದರಿಸಿ ಓಡಿಸುವ ಉಪಾಯಗಳು ಸೋಲುತ್ತವೆ. ಮರಕ್ಕೆ ಬರುವ ದಾರಿಯನ್ನು ಪೂರ್ತಿ ಕಡಿದರೆ ಮಾತ್ರ ಹಣ್ಣು ಉಳಿಯುತ್ತದೆ, ಅಳಿಲಿಗೂ ಏನೂ ಆಗುವುದಿಲ್ಲ. ‘ಪೂರ್ತಿ’ ಎಂಬುದರಲ್ಲಿ ವಿನಾಯಿತಿ ಇಲ್ಲ. ಹತ್ತು ದಾರಿಗಳಲ್ಲಿ ಒಂಬತ್ತನ್ನು ಮುಚ್ಚಿ ಒಂದನ್ನು ಬಿಟ್ಟರೆ ಒಂಬತ್ತಕ್ಕೆ ಮಾಡಿದ ಖರ್ಚೂ ಹೋದಂತೆಯೇ.

ಹಂತ 1: ತಿನ್ನುತ್ತಿರುವುದು ಅಳಿಲೇ ಹೌದೇ?

ತಗಡು ಕತ್ತರಿಸುವ ಮೊದಲು ಇದು ಖಚಿತವಾಗಬೇಕು. ಅಳಿಲು ಹಗಲಿನ ಪ್ರಾಣಿ. ಬೆಳಗಿನ ಮೊದಲ ಗಂಟೆಗಳಲ್ಲಿ ಮತ್ತು ಇಳಿಹೊತ್ತಿನಲ್ಲಿ ಅದರ ಓಡಾಟ ಹೆಚ್ಚು. ಸಂಜೆ ಕತ್ತಲಾಗುವಾಗ ನೆಟ್ಟಗಿದ್ದ ಹಣ್ಣು ಬೆಳಕು ಹರಿಯುವ ಮೊದಲೇ ಕಚ್ಚಿಸಿಕೊಂಡಿದ್ದರೆ ಅದು ಇಲಿ ಅಥವಾ ಬಾವಲಿಯ ಕೆಲಸ. ಬಾವಲಿ ತಿರುಳನ್ನು ಜಗಿದು ರಸ ಹೀರಿ ನಾರಿನ ಉಂಡೆಯನ್ನು ಉಗುಳುತ್ತದೆ, ಮರದ ಕೆಳಗೆ ಆ ಉಂಡೆಗಳು ಬಿದ್ದಿರುತ್ತವೆ. ಹಕ್ಕಿ ಕುಕ್ಕಿದ ಗಾಯ ಕೊಕ್ಕಿನ ಆಕಾರದ ಚೂಪು ತೂತು. ಇಲಿ ಮತ್ತು ಅಳಿಲು ಎರಡೂ ಜೋಡಿ ಬಾಚಿಹಲ್ಲಿನ ಗೀರು ಬಿಡುವುದರಿಂದ ಗಾಯ ನೋಡಿ ಅವೆರಡನ್ನು ಬೇರೆ ಮಾಡುವುದು ಕಷ್ಟ, ಹೊತ್ತು ನೋಡಿಯೇ ತಿಳಿಯಬೇಕು. ಸಂಜೆ ಹತ್ತಿಪ್ಪತ್ತು ಹಣ್ಣುಗಳ ತೊಟ್ಟಿಗೆ ಬಣ್ಣದ ದಾರ ಕಟ್ಟಿ, ಬೆಳಗ್ಗೆ ಬೆಳಕಾಗುತ್ತಲೇ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಇಲಿಯೂ ಬರುತ್ತಿದ್ದರೆ ಮುಂದೆ ಹೇಳುವ ತಗಡು ಅದಕ್ಕೂ ಅಡ್ಡವಾಗುತ್ತದೆ. ಬಾವಲಿ, ಹಕ್ಕಿಗಳಿಗೆ ಆಗುವುದಿಲ್ಲ.

ಹಂತ 2: ದಾರಿಗಳ ಅಳತೆ

ಬೇಕಾದದ್ದು: 5 ಮೀಟರಿನ ಟೇಪು, ಉದ್ದನೆಯ ಗಳ, ಕಾಗದ, ಪೆನ್ಸಿಲು.

ಬೂದು ಅಳಿಲಿನಂಥ ದೊಡ್ಡ ಜಾತಿ 400ರಿಂದ 600 ಗ್ರಾಂ ತೂಗುತ್ತದೆ. ನಿಂತಲ್ಲಿಂದ ಮೇಲಕ್ಕೆ 1.2ರಿಂದ 1.5 ಮೀಟರು, ಅಡ್ಡಕ್ಕೆ 2.5ರಿಂದ 3 ಮೀಟರು ಜಿಗಿಯುತ್ತದೆ. ಬೆನ್ನ ಮೇಲೆ ಪಟ್ಟೆಯಿರುವ ಸಣ್ಣ ಅಳಿಲು 100 ಗ್ರಾಂ ಆಸುಪಾಸಿನದು. ಜಿಗಿತದ ಅಳತೆಗೆ ದೊಡ್ಡದನ್ನೂ, ಸಂದಿಯ ಅಳತೆಗೆ ಚಿಕ್ಕದನ್ನೂ ಲೆಕ್ಕಕ್ಕೆ ಇಟ್ಟುಕೊಂಡರೆ ತೋಟಕ್ಕೆ ಯಾವ ಜಾತಿ ಬಂದರೂ ಚಿಂತೆಯಿಲ್ಲ.

ಮರದ ಸುತ್ತ ಒಂದು ಸುತ್ತು ಬಂದು, ನೆತ್ತಿಯ (ಕೊಂಬೆ, ಎಲೆಗಳ ಹರವಿನ) ಅಂಚಿನಿಂದ 3 ಮೀಟರಿನ ಒಳಗೆ ಏನೇನಿದೆ ಎಂದು ಬರೆದುಕೊಳ್ಳಬೇಕು: ಗೋಡೆ, ಸೂರು, ಬೇರೆ ಮರ, ಬೇಲಿಯ ಕಂಬ, ಬಟ್ಟೆ ಒಣಹಾಕುವ ತಂತಿ, ಬಳ್ಳಿಯ ಚಪ್ಪರ, ನೀರಿನ ಪೈಪು. ಎತ್ತರದ ಸೂರಿನಿಂದ ತಗ್ಗಿನ ಕೊಂಬೆಗೆ ಹಾರುವಾಗ ಜಿಗಿತ ಇನ್ನೂ ದೂರ ಹೋಗುತ್ತದೆ. ಅಂಥ ಕಡೆ 3 ಮೀಟರು ಸಾಲದು, 4 ಇದ್ದರೆ ವಾಸಿ. ಹೆಚ್ಚಾಗಿ ಕಣ್ಣು ತಪ್ಪುವುದು ಎರಡು ದಾರಿಗಳು. ಒಂದು, ಕಾಯಿಯ ಭಾರಕ್ಕೆ ಬಾಗುವ ಕೊಂಬೆ. ಹೂ ಬಿಡುವಾಗ ನೆಲದಿಂದ 2 ಮೀಟರು ಮೇಲಿದ್ದದ್ದು ಕಾಯಿ ಬಲಿಯುವ ಹೊತ್ತಿಗೆ 1.2 ಮೀಟರಿಗೆ ಇಳಿದಿರುತ್ತದೆ. ಇನ್ನೊಂದು, ಕೊಯ್ಲಿಗೆಂದು ತಂದು ಕಾಂಡಕ್ಕೆ ಒರಗಿಸಿಟ್ಟ ಏಣಿ.

ಕರೆಂಟಿನ ತಂತಿ ಹತ್ತಿರವಿದ್ದರೆ ಅದನ್ನು ಮುಟ್ಟುವ, ಅದರ ಬಳಿ ಗಳ ಆಡಿಸುವ ಕೆಲಸ ಬೇಡ. ಅದರ ಪಕ್ಕದ ಕೊಂಬೆ ಕಡಿಯುವುದು ತಂತಿ ನೋಡಿಕೊಳ್ಳುವವರ ಕೆಲಸ.

ಹಂತ 3: ಗೂಡು, ಮರಿಗಳ ತಪಾಸಣೆ

ಇದನ್ನು ಬಿಟ್ಟು ಮುಂದಿನ ಹಂತಕ್ಕೆ ಹೋಗಲೇಬಾರದು. ಮರದಲ್ಲಿ ಗೂಡಿದ್ದು, ತಾಯಿ ಮೇವಿಗೆ ಇಳಿದಾಗ ಕಾಂಡಕ್ಕೆ ತಗಡು ಸುತ್ತಿದರೆ ಅದು ವಾಪಸು ಹತ್ತಲಾರದು. ಮೇಲೆ ಮರಿಗಳು ಹಸಿದು ಸಾಯುತ್ತವೆ. ವಿಷ ಹಾಕುವುದಕ್ಕೂ ಇದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲ.

ಕವಲುಗಳಲ್ಲಿ ನಾರು, ಹುಲ್ಲು, ಒಣ ಎಲೆ, ಬಟ್ಟೆಚೂರು ಸೇರಿಸಿ ಕಟ್ಟಿದ ಉಂಡೆ ಇದೆಯೇ, ಕಾಂಡದ ಪೊಟರೆಯ ಬಾಯಿ ಸವೆದು ನುಣುಪಾಗಿದೆಯೇ ನೋಡಬೇಕು. ಬಾಯಲ್ಲಿ ನಾರು ಕಚ್ಚಿಕೊಂಡು ಪದೇ ಪದೇ ಒಂದೇ ಕವಲಿಗೆ ಹೋಗುವ ಅಳಿಲು ಗೂಡು ಕಟ್ಟುತ್ತಿದೆ ಎಂದೇ ತಿಳಿಯಬೇಕು. ಗೂಡು ಕಂಡರೆ ಮರಿಗಳು ತಾವಾಗಿ ಓಡಾಡುವವರೆಗೆ ಆ ಮರದ ಕೆಲಸ ನಿಲ್ಲಿಸಬೇಕು. ಹುಟ್ಟಿದ ಮರಿ ಹಾಲು ಬಿಟ್ಟು ಸ್ವಂತ ತಿನ್ನಲು ಹತ್ತು ಹನ್ನೆರಡು ವಾರ ಬೇಕು. ಆ ಹಂಗಾಮಿಗೆ ಆ ಮರದಲ್ಲಿ ಕಾಯಿಗೂಡು ಮಾತ್ರ ಕಟ್ಟಿ, ತಗಡನ್ನು ಮುಂದಕ್ಕೆ ಹಾಕುವುದೇ ಸರಿ.

ಕೊಂಬೆ ಸವರುವಾಗ ಮರಿ ಕೆಳಗೆ ಬಿದ್ದರೆ, ಮೈ ಬೆಚ್ಚಗಿದ್ದು ಗಾಯವಿಲ್ಲದಿದ್ದರೆ, ಮೆತ್ತನೆ ಬಟ್ಟೆ ಹಾಸಿದ ತೆರೆದ ಡಬ್ಬಿಯಲ್ಲಿ ಅದೇ ಮರದ ಬುಡದಲ್ಲಿಟ್ಟು ಜನ, ನಾಯಿ, ಬೆಕ್ಕು ದೂರ ಸರಿಯಬೇಕು. ಹಗಲಿದ್ದರೆ ತಾಯಿ ಬಂದು ಎತ್ತಿಕೊಂಡು ಹೋಗುವುದೇ ಹೆಚ್ಚು. ಹಸುವಿನ ಹಾಲು ಕುಡಿಸಬಾರದು. ಕತ್ತಲಾಗುವವರೆಗೂ ತಾಯಿ ಬರದಿದ್ದರೆ ಪ್ರಾಣಿ ಆರೈಕೆಯವರಿಗೆ ಒಪ್ಪಿಸಬೇಕು.

ಹಂತ 4: ಸವರುವಿಕೆ

ನೆಲದಿಂದ 1.8 ಮೀಟರಿಗಿಂತ ಕೆಳಗೆ ಇಳಿಬಿದ್ದ ಕೊಂಬೆಗಳನ್ನೂ, ಗೋಡೆ ಅಥವಾ ಬೇರೆ ಮರದ 3 ಮೀಟರಿನೊಳಗೆ ಚಾಚಿದವನ್ನೂ ತೆಗೆಯಬೇಕು. ಒಂದೇ ಸಲಕ್ಕೆ ನೆತ್ತಿಯ ಕಾಲುಭಾಗಕ್ಕಿಂತ ಹೆಚ್ಚು ತೆಗೆದರೆ ಮರ ಸೊರಗುತ್ತದೆ, ಕಾಂಡ, ಕೊಂಬೆಗಳಿಂದ ನೀರುಚಿಗುರು (ಕಾಯಿ ಬಿಡದ ನೆಟ್ಟನೆಯ ಚಿಗುರು) ನುಗ್ಗುತ್ತದೆ. ಹೆಚ್ಚು ಕಡಿಯಬೇಕಾಗಿ ಬಂದರೆ ಎರಡು ಹಂಗಾಮಿಗೆ ಹಂಚಿಕೊಳ್ಳಬೇಕು.

ಮಣಿಕಟ್ಟಿಗಿಂತ ದಪ್ಪದ ಕೊಂಬೆಗೆ ಮೂರು ಕೊಯ್ತ. ಕಾಂಡದಿಂದ 30 ಸೆಂ.ಮೀ. ಆಚೆ ಕೆಳಗಿನಿಂದ ಮೂರನೇ ಒಂದು ಭಾಗ ಮೊದಲ ಕೊಯ್ತ. ಅದಕ್ಕಿಂತ 5 ಸೆಂ.ಮೀ. ಆಚೆ ಮೇಲಿನಿಂದ ಪೂರ್ತಿ ಎರಡನೆಯದು. ಉಳಿದ ಮೋಟನ್ನು, ಕಾಂಡಕ್ಕೆ ಕೊಂಬೆ ಸೇರುವಲ್ಲಿ ಉಬ್ಬಿದ ಉಂಗುರವನ್ನು ಬಿಟ್ಟು, ಅದರ ಹೊರಗೆ ಮೂರನೆಯದು. ಕೆಳಗಿನ ಕೊಯ್ತ ತಪ್ಪಿಸಿದರೆ ಕೊಂಬೆ ಬೀಳುವಾಗ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಹೋಗುತ್ತದೆ.

ಹೊಸ ಚಿಗುರು ಬೇಗ ಅಂತರ ಮುಚ್ಚುತ್ತದೆ. ಆದ್ದರಿಂದ 3 ಮೀಟರು ಬೇಕಾದಲ್ಲಿ 3.5 ಮೀಟರು ಬಿಟ್ಟು ಸವರುವುದು ಒಳ್ಳೆಯದು.

ಹಂತ 5: ದೊಡ್ಡ ಮರಕ್ಕೆ ತಗಡಿನ ಪಟ್ಟಿ

ಸಾಮಾನು: 0.4ರಿಂದ 0.5 ಮಿ.ಮೀ. ದಪ್ಪದ ಜಿಐ (ಸತುವು ಲೇಪಿಸಿದ ಕಬ್ಬಿಣದ) ತಗಡು 100 × 62 ಸೆಂ.ಮೀ., 2 ಮಿ.ಮೀ. ಜಿಐ ತಂತಿ 3 ಮೀಟರು, 8ರಿಂದ 10 ಸೆಂ.ಮೀ. ಉದ್ದದ ಎಳೆಯುವ ಸ್ಪ್ರಿಂಗು 2, 12 ಮಿ.ಮೀ. ಕಣ್ಣಿನ ಜಾಲರಿ 10 ಸೆಂ.ಮೀ. ಅಗಲದ ಪಟ್ಟಿ 1 ಮೀಟರು. ಉಪಕರಣ: ತಗಡು ಕತ್ತರಿ, ಕಟಿಂಗ್ ಪ್ಲೇಯರು, ಮರದ ಸುತ್ತಿಗೆ, ಅರ, ದಪ್ಪ ಚರ್ಮದ ಕೈಗವಸು. ಇಬ್ಬರು ಬೇಕು, ಒಬ್ಬರಿಂದ ತಗಡು ಹಿಡಿದು ತಂತಿ ಕಟ್ಟುವುದು ಆಗುವುದಿಲ್ಲ.

ಉದ್ದದ ಲೆಕ್ಕ: ಸುತ್ತಳತೆ 79, ಒಂದರ ಮೇಲೊಂದು ಕೂರಲು 15, ಎರಡು ಅಂಚು ಮಡಿಸಲು 2, ತೊಗಟೆಯ ಉಬ್ಬುತಗ್ಗಿಗೆ 4. ಒಟ್ಟು 100 ಸೆಂ.ಮೀ. ಅಗಲ 60, ಮೇಲೆ ಕೆಳಗೆ ಮಡಿಸಲು ತಲಾ 1. ದೊಡ್ಡ ಜಾತಿಯ ಅಳಿಲುಗಳೇ ಹೆಚ್ಚಿದ್ದರೆ ಅಗಲ 75 ಇರಲಿ.

ಮೊದಲು ನಾಲ್ಕು ಅಂಚನ್ನೂ 1 ಸೆಂ.ಮೀ. ಮಡಿಸಿ ಮರದ ಸುತ್ತಿಗೆಯಿಂದ ಚಪ್ಪಟೆ ಮಾಡಬೇಕು. ಮಡಿಸದ ತಗಡಿನ ಅಂಚು ಬ್ಲೇಡಿನಷ್ಟು ಹರಿತ. ಹತ್ತಲು ಯತ್ನಿಸುವ ಅಳಿಲಿನ ಪಾದ ಅಲ್ಲಿ ಸೀಳಿಹೋಗುತ್ತದೆ, ಕಟ್ಟುವವರ ಕೈಯೂ ಅಷ್ಟೆ. ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಬೇಕು.

ಪಟ್ಟಿಯ ಕೆಳಗಿನ ಅಂಚು ನೆಲದಿಂದ 1.5 ಮೀಟರು, ಮೇಲಿನದು 2.1 ಮೀಟರು. ಅದಕ್ಕಿಂತ ಕೆಳಗೆ ಕಟ್ಟಿದರೆ ದೊಡ್ಡ ಅಳಿಲು ನೆಲದಿಂದಲೇ ಜಿಗಿದು ಪಟ್ಟಿಯ ಮೇಲಿನ ತೊಗಟೆ ಹಿಡಿಯಬಹುದು. ಕಾಂಡಕ್ಕೆ ಮೊಳೆ ಹೊಡೆಯಬಾರದು. ಮೇಲಂಚಿನಿಂದ 5 ಸೆಂ.ಮೀ. ಕೆಳಗೊಂದು, ಕೆಳಂಚಿನಿಂದ 5 ಸೆಂ.ಮೀ. ಮೇಲೊಂದು ತಂತಿ ಸುತ್ತಿ, ತುದಿಗಳನ್ನು ಸ್ಪ್ರಿಂಗಿಗೆ ಸಿಕ್ಕಿಸಬೇಕು. ಸ್ಪ್ರಿಂಗು ತನ್ನ ಉದ್ದದ ಕಾಲುಭಾಗ ಹಿಗ್ಗಿ ನಿಂತರೆ ಬಿಗಿ ಸರಿಯಿದೆ. ತಗಡಿನ ಎರಡು ತುದಿಗಳಿಗೆ ರಿವೆಟ್ ಹೊಡೆಯಬಾರದು. ಒಂದರ ಮೇಲೊಂದು ಜಾರುವಂತೆ ಹಾಗೇ ಬಿಟ್ಟರೆ ಕಾಂಡ ದಪ್ಪಗಾದಂತೆ ಪಟ್ಟಿಯೂ ಹಿಗ್ಗುತ್ತದೆ.

ಈ ಪಟ್ಟಿ ಎಲ್ಲೆಲ್ಲಿ ಸೋಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನೋಡಲು ಸರಿಯಾಗಿಯೇ ಕಾಣುವ ಪಟ್ಟಿಯ ಮೇಲೆ ಅಳಿಲು ಸಲೀಸಾಗಿ ಹತ್ತುವುದುಂಟು.

ತಗಡು ಕೂರಲೆಂದು ನಡುವೆ ಮೂರನೇ ತಂತಿ ಸುತ್ತಿದರೆ ಅದೇ ಮೆಟ್ಟಿಲಾಗುತ್ತದೆ. 50 ಸೆಂ.ಮೀ. ನುಣುಪು ಜಾಗ 25ಕ್ಕೆ ಇಳಿದು ಅಳಿಲಿನ ಕೈಗೆ ಎಟುಕುತ್ತದೆ. ನಡುವೆ ತಗಡು ಉಬ್ಬಿದರೆ ಅದನ್ನು ಬಿಚ್ಚಿ, ಕಾಂಡದ ಬಳಕಿಗೆ ತಕ್ಕಂತೆ ಬಗ್ಗಿಸಿ ಮತ್ತೆ ಸುತ್ತಬೇಕು.

ಜೋಡಣೆಯ ಲಂಬ ಅಂಚು ಎದ್ದು ನಿಂತರೂ ಅಷ್ಟೆ, ಉಗುರು ಸಿಕ್ಕಿಸಲು ಒಂದು ಗೆರೆ ಸಿಕ್ಕಿದರೆ ಸಾಕು. ಸುತ್ತುವ ಮೊದಲು ತಗಡನ್ನು ಕಾಂಡಕ್ಕಿಂತ ತುಸು ಸಣ್ಣ ಪೈಪಿಗೋ ಕಂಬಕ್ಕೋ ಒತ್ತಿ ಸುರುಳಿ ಮಾಡಿಟ್ಟರೆ ಅಂಚು ತಾನಾಗಿ ಒಳಕ್ಕೆ ಒತ್ತಿಕೊಳ್ಳುತ್ತದೆ.

ಮೂರನೆಯ ಸೋಲು ಸಣ್ಣ ಅಳಿಲಿನಿಂದ. ಕಾಂಡ ಗುಂಡಗಿರುವುದಿಲ್ಲ. ತೊಗಟೆಯ ತಗ್ಗುಗಳಲ್ಲಿ ತಗಡಿನ ಹಿಂದೆ 2-3 ಸೆಂ.ಮೀ. ಸಂದಿ ಉಳಿಯುತ್ತದೆ, ಪಟ್ಟೆ ಅಳಿಲು ಕೆಳಗೆ ನುಗ್ಗಿ ಮೇಲೆ ಹೊರಬರುತ್ತದೆ. ಜಾಲರಿ ಪಟ್ಟಿಯನ್ನು ಎರಡು ಪದರ ಮಡಿಸಿ ಕೆಳಬಾಯಿಯ ಸಂದಿಗಳಿಗೆ ತುರುಕಿ, ಕೆಳ ತಂತಿಗೆ ಬಿಗಿಯಬೇಕು. ನಾರು, ಬಟ್ಟೆ, ಥರ್ಮೋಕೋಲು ತುಂಬಿದರೆ ಹಲ್ಲಿನಿಂದ ಕಿತ್ತು ಗೂಡಿಗೆ ಒಯ್ಯುತ್ತವೆ. ಮೇಲಿನ ಬಾಯಿ ಮುಚ್ಚಬಾರದು. ಮೇಲಿನಿಂದ ಏನಾದರೂ ಒಳಗೆ ಇಳಿದರೆ ತೊಗಟೆ ಹಿಡಿದು ಮತ್ತೆ ಮೇಲಕ್ಕೆ ಹೋಗಲು ದಾರಿ ಬೇಕು. ಜಾಲರಿ ತುರುಕುವ ಮೊದಲು ಟಾರ್ಚು ಹಾಕಿ ಒಳಗೆ ಏನೂ ಇಲ್ಲವೆಂದು ನೋಡುವುದು ಕಡ್ಡಾಯ.

ಸ್ಪ್ರಿಂಗಿಲ್ಲದೆ ಬರೀ ತಂತಿ ಬಿಗಿದರೆ ಮೊದಲ ವರ್ಷ ಏನೂ ತಿಳಿಯುವುದಿಲ್ಲ. ಆಮೇಲೆ ಬೆಳೆಯುವ ಕಾಂಡವನ್ನು ತಗಡು ಒತ್ತಿ, ತೊಗಟೆಯೊಳಗಿನ ಆಹಾರದ ಹರಿವು ಸುತ್ತಲೂ ತುಂಡಾಗಿ ಮರ ಒಣಗುತ್ತದೆ. ಅಳಿಲಿನಿಂದ ಹಣ್ಣು ಹೋದರೆ ಒಂದು ಹಂಗಾಮು ಹೋದಂತೆ, ಇದರಿಂದ ಮರವೇ ಹೋಗುತ್ತದೆ.

ಹಂತ 6: ಎಳೆಯ ಮರಕ್ಕೆ ಕೊಡೆ

14 ಸೆಂ.ಮೀ. ದಪ್ಪದ ನೇರ ಕಾಂಡಕ್ಕೆ ಕೊಡೆಯಾಕಾರದ ತಡೆ ಪಟ್ಟಿಗಿಂತ ಚೆನ್ನಾಗಿ ಒಪ್ಪುತ್ತದೆ. ಹೊರ ವ್ಯಾಸ 70 ಸೆಂ.ಮೀ., ಇಳಿಜಾರು 30 ಡಿಗ್ರಿ.

85 × 85 ಸೆಂ.ಮೀ. ತಗಡಿನ ನಡುವೆ ಬಿಂದು ಗುರುತಿಸಿ 40.4 ಸೆಂ.ಮೀ. ತ್ರಿಜ್ಯದ ಹೊರ ವೃತ್ತ, 8.1 ಸೆಂ.ಮೀ. ತ್ರಿಜ್ಯದ ಒಳ ವೃತ್ತ ಎಳೆಯಬೇಕು. ದಾರಕ್ಕೆ ಮೊಳೆ ಕಟ್ಟಿ ಗೀರಿದರೆ ಸಾಕು. ಪೂರ್ತಿ 360 ಡಿಗ್ರಿಯಲ್ಲಿ 48 ಡಿಗ್ರಿಯ ತುಂಡು ತೆಗೆದರೆ ಉಳಿದ 312 ಡಿಗ್ರಿ ಸುತ್ತಿಕೊಂಡು ಬೇಕಾದ ಇಳಿಜಾರಿನ ಕೊಡೆಯಾಗುತ್ತದೆ. ಕತ್ತರಿಸುವಾಗ ಒಂದು ಬದಿಯಲ್ಲಿ 5 ಸೆಂ.ಮೀ. ನಾಲಿಗೆ ಉಳಿಸಿಕೊಂಡರೆ ಅದರ ಮೇಲೆ 4 ಮಿ.ಮೀ. ಬೋಲ್ಟು ಮೂರು ಹಾಕಿ ಜೋಡಿಸಬಹುದು. ಬೋಲ್ಟಿನ ತಲೆ ಕೆಳಬದಿಗೆ ಬರಲಿ, ನಟ್ಟು ಮೇಲೆ. ಬೋಲ್ಟಾದರೆ ಕಾಂಡ ದಪ್ಪಗಾದಾಗ ಬಿಚ್ಚಿ ಒಳತೂತು ದೊಡ್ಡದು ಮಾಡಬಹುದು, ರಿವೆಟ್ಟಾದರೆ ಕೊಡೆಯನ್ನೇ ಹರಿಯಬೇಕು.

ಕೊಡೆಯ ಬಾಯಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿ ಇಟ್ಟರೆ ಮಳೆನೀರು, ಎಲೆ ನಿಂತು ಕಾಂಡ ಕೊಳೆಯುತ್ತದೆ. ಕಾಂಡ ತಾಗುವಲ್ಲಿ ಸೈಕಲ್ ಟ್ಯೂಬಿನ ಪಟ್ಟಿಯನ್ನು ಒಂದು ಸುತ್ತು ಸಡಿಲವಾಗಿ ಸುತ್ತಿ, ಅದರ ಮೇಲೆ ಕೊಡೆ ಕೂರಿಸಿ, ಮೇಲಿನ ಕವಲಿನಿಂದ ಮೂರು ತಂತಿಗಳಲ್ಲಿ ತೂಗುಹಾಕಬೇಕು. ತಂತಿ ಕವಲನ್ನು ಕೊರೆಯದಂತೆ ಅಲ್ಲೂ ಟ್ಯೂಬಿನ ತುಂಡು ಹಾಕಬೇಕು. ಕೊಡೆ ತುಸು ಅಲ್ಲಾಡಿದರೆ ತೊಂದರೆಯಿಲ್ಲ. ಅಲ್ಲಾಡುವ ತಗಡಿನ ಮೇಲೆ ಅಳಿಲು ಕಾಲೂರಲು ಹಿಂಜರಿಯುತ್ತದೆ. ಎತ್ತರ ಇಲ್ಲೂ 1.5 ಮೀಟರಿಗಿಂತ ಮೇಲೆಯೇ.

ಹಂತ 7: ಗಿಡ್ಡ ಮರಕ್ಕೆ ಜಾಲರಿ ಮನೆ

ನೆಲದಿಂದ 1.5 ಮೀಟರು ಬರಿ ಕಾಂಡ ಇಲ್ಲದ ಮರಕ್ಕೆ ಪಟ್ಟಿಯಾಗಲಿ ಕೊಡೆಯಾಗಲಿ ದಂಡ. ನಾಲ್ಕೂ ಬಗೆಯ ತಡೆಗಳಲ್ಲಿ ದುಬಾರಿಯಾದದ್ದು ಜಾಲರಿ ಮನೆಯೇ. ಸಾಮಾನಿನ ಖರ್ಚಿನ ದೊಡ್ಡ ಪಾಲು ಬೆಸುಗೆ ಜಾಲರಿಯದು, ಅದರಲ್ಲಿ ಉಳಿತಾಯ ಮಾಡಹೋದರೆ ಇಡೀ ಕೆಲಸ ಕೆಡುತ್ತದೆ.

ಜಾಲರಿಯ ಕಣ್ಣು 12 ಅಥವಾ 13 ಮಿ.ಮೀ., ತಂತಿ 1 ಮಿ.ಮೀ. ದಪ್ಪದ್ದು, ಬೆಸುಗೆ ಹಾಕಿ ಸತುವು ಲೇಪಿಸಿದ್ದು. 25 ಮಿ.ಮೀ. ಕಣ್ಣಿನ ಕೋಳಿ ಜಾಲರಿ ಅಗ್ಗ, ಆದರೆ ಪಟ್ಟೆ ಅಳಿಲಿನ ಮರಿ ಅದರೊಳಗೆ ತೂರುತ್ತದೆ, ಹೊಟ್ಟೆ ತುಂಬಿದ ಮೇಲೆ ಹೊರಬರುವಾಗ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಪ್ಲಾಸ್ಟಿಕ್ ಜಾಲರಿಯ ಮಾತೇ ಬೇಡ. ಅಳಿಲಿನ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಕಡಿಯುವುದು ಅದಕ್ಕೆ ನಿತ್ಯದ ಕೆಲಸ.

ಚೌಕಟ್ಟು 1.9 × 1.9 ಮೀಟರು, ನೆಲದಿಂದ ಎತ್ತರ 2.2. ಅಗಲವನ್ನು 2 ಮಾಡದೆ 1.9 ಮಾಡಿರುವುದು 1 ಮೀಟರು ಅಗಲದ ಸುರುಳಿಯ ಎರಡು ಪಟ್ಟಿ ಕೂಡಿದಾಗ ನಡುವೆ 10 ಸೆಂ.ಮೀ. ಒಂದರ ಮೇಲೊಂದು ಕೂರಲೆಂದು. 5 × 5 ಸೆಂ.ಮೀ. ಮರದ ಕಂಬ ನಾಲ್ಕು, ತಲಾ 2.7 ಮೀಟರು. ಅದರಲ್ಲಿ 50 ಸೆಂ.ಮೀ. ಗುಣಿಯೊಳಗೆ. ಮೇಲೆ ನಾಲ್ಕು, ನಡುಮಟ್ಟದಲ್ಲಿ ನಾಲ್ಕು ಅಡ್ಡಪಟ್ಟಿ. ಪ್ರತಿ ಬದಿಗೂ ಎರಡು ಪಟ್ಟಿ ಕೂಡುವ ನಡುವೆ ಒಂದು ತೆಳು ರೀಪು. ಜಾಲರಿ ಹೊಡೆಯುವ ಮುಂಚೆ ಮೂಲೆಯಿಂದ ಮೂಲೆಗೆ ಅಳೆದು ಎರಡೂ ಕರ್ಣ ಸಮವಾಗುವವರೆಗೆ ಕಂಬ ಸರಿಪಡಿಸಬೇಕು. ಸೊಟ್ಟ ಚೌಕಟ್ಟಿನ ಮೇಲೆ ಬೆಸುಗೆ ಜಾಲರಿ ಸುಕ್ಕುಗಟ್ಟುತ್ತದೆ, ಸುಕ್ಕಿನ ಪಕ್ಕದಲ್ಲೇ ಸಂದಿ.

ಜಾಲರಿಯ ಲೆಕ್ಕ: ಪ್ರತಿ ಬದಿಗೆ 2.5 ಮೀಟರು ಉದ್ದದ ಎರಡು ಪಟ್ಟಿ, ನಾಲ್ಕು ಬದಿಗೆ 20 ಮೀಟರು. ಸೂರಿಗೆ 1.9 ಮೀಟರಿನ ಎರಡು, ಸುಮಾರು 4 ಮೀಟರು. ಮೂಲೆತುಂಡು ಮತ್ತು ಹಾಳಾಗುವುದಕ್ಕೆ 2. ಒಟ್ಟು 26 ಮೀಟರು.

ಬದಿಯ ಪಟ್ಟಿ 2.2ರ ಬದಲು 2.5 ಇರುವುದು ಕೆಳಗಿನ 30 ಸೆಂ.ಮೀ.ಗಾಗಿ. ಅದನ್ನು ನೆಲದಲ್ಲಿ ಹೊರಮುಖವಾಗಿ ಮಡಿಸಿ, 5 ಸೆಂ.ಮೀ. ಮಣ್ಣು ತೆಗೆದು ಹಾಸಿ, 15 ಸೆಂ.ಮೀ. ಉದ್ದದ ತಂತಿ ಗೂಟಗಳಿಂದ ಚುಚ್ಚಿ ಮುಚ್ಚಬೇಕು. ಅಗೆಯಲು ಬಂದ ಪ್ರಾಣಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಅಲ್ಲಿ ಜಾಲರಿ ತಾಗಿದರೆ ಬಿಡುತ್ತದೆ. ಒಳಮುಖ ಮಡಿಸಿದರೆ ಇದು ಕೆಲಸಕ್ಕೆ ಬಾರದು. ಮೂಲೆಗಳಲ್ಲಿ ಉಳಿಯುವ 30 × 30 ಸೆಂ.ಮೀ. ಚೌಕಕ್ಕೆ ಬೇರೆ ತುಂಡು ಹಾಕದಿದ್ದರೆ ದಾರಿ ಅಲ್ಲೇ ತೆರೆದಿರುತ್ತದೆ.

ಚೌಕಟ್ಟಿನ ಮರಕ್ಕೆ ಜಾಲರಿ ಹೊಡೆಯಲು 20 ಮಿ.ಮೀ. ಯು ಮೊಳೆ, 10 ಸೆಂ.ಮೀ.ಗೊಂದು. ಜಾಲರಿಗೆ ಜಾಲರಿ ಹೊಲಿಯಲು 1 ಮಿ.ಮೀ. ಜಿಐ ತಂತಿ. ಪ್ಲಾಸ್ಟಿಕ್ ಟೈ ಬಿಗಿಯಲು ಸುಲಭ, ಆದರೆ ಬಿಸಿಲಿಗೆ ಕೆಲವು ತಿಂಗಳಲ್ಲಿ ಪುಡಿಯಾಗುತ್ತದೆ, ಅಷ್ಟರೊಳಗೆ ಅಳಿಲೇ ಕಡಿದಿರುತ್ತದೆ.

ಬಾಗಿಲು 70 ಸೆಂ.ಮೀ. ಅಗಲ, 1.7 ಮೀಟರು ಎತ್ತರ. ಸುತ್ತಲಿನ ಸಂದಿ 10 ಮಿ.ಮೀ. ಮೀರಬಾರದು. ಮೇಲೊಂದು ಕೆಳಗೊಂದು ಚಿಲಕ ಬೇಕು. ನಡುವೆ ಒಂದೇ ಚಿಲಕವಿದ್ದರೆ ಮಳೆಗಾಲದ ನಂತರ ಬಾಗಿಲು ಸೊಟ್ಟಗಾಗಿ ಕೆಳಮೂಲೆ ತೆರೆದುಕೊಳ್ಳುತ್ತದೆ. ಹೊಸ್ತಿಲಿನ ಕೆಳಗೂ ಜಾಲರಿ ಹಾಸು ಮುಂದುವರಿಯಬೇಕು.

ಹೂ ಬಿಡುವ ಕಾಲದಲ್ಲಿ ಜೇನ್ನೊಣ 12 ಮಿ.ಮೀ. ಕಣ್ಣಿನಲ್ಲಿ ನುಸುಳುತ್ತದೆ, ದಪ್ಪ ದುಂಬಿಗಳಿಗೆ ಕಷ್ಟ. ಕಾಯಿ ಕಚ್ಚುವವರೆಗೆ ಸೂರಿನ ಒಂದು ಪಟ್ಟಿಯನ್ನು ಸುತ್ತಿ ತೆರೆದಿಡುವುದೇ ಮೇಲು. ಮುಚ್ಚುವ ದಿನ ಒಳಗೆ ಅಳಿಲು, ಹಕ್ಕಿ, ಹಾವು ಸೇರಿಕೊಂಡಿಲ್ಲವೆಂದು ನೋಡಬೇಕು. ಎಂದಾದರೂ ಒಳಗೆ ಅಳಿಲು ಕಂಡರೆ ಅಟ್ಟಬಾರದು. ಗಾಬರಿಯಲ್ಲಿ ಜಾಲರಿಗೆ ಬಡಿದುಕೊಂಡು ಮೂತಿ ಒಡೆದುಕೊಳ್ಳುತ್ತದೆ. ಬಾಗಿಲು ಪೂರ್ತಿ ತೆರೆದು ದೂರ ಹೋದರೆ ತಾನಾಗಿ ಹೊರಡುತ್ತದೆ. ಅದು ಹೋದಮೇಲೆ ಎಲ್ಲಿಂದ ಬಂತೆಂದು ಹುಡುಕಬೇಕು.

ಹಂತ 8: ಹೆಣೆದುಕೊಂಡ ಮರಕ್ಕೆ ಕಾಯಿಗೂಡು

6 ಮಿ.ಮೀ. ಕಣ್ಣಿನ, 0.6 ಮಿ.ಮೀ. ತಂತಿಯ ಜಾಲರಿ. 7 ಸೆಂ.ಮೀ. ದಪ್ಪಕ್ಕೆ ಬರುವ ಹಣ್ಣಿಗೆ ಗೂಡಿನ ವ್ಯಾಸ 13 ಸೆಂ.ಮೀ. ಇಟ್ಟರೆ ಸುತ್ತಲೂ 3 ಸೆಂ.ಮೀ. ಅಂತರ ಉಳಿಯುತ್ತದೆ. ಈ ಅಂತರವೇ ಮುಖ್ಯ. ಹಣ್ಣಿಗೆ ಅಂಟಿಕೊಂಡ ಜಾಲರಿಯ ಕಣ್ಣಿನಿಂದಲೇ ಅಳಿಲು ಸಿಪ್ಪೆ ಕೆರೆದು ಹಣ್ಣು ಕೆಡಿಸುತ್ತದೆ, ಗಾಳಿಗೆ ಉಜ್ಜಿ ಕಲೆಯೂ ಬೀಳುತ್ತದೆ.

ಸುತ್ತಳತೆಗೆ 41, ಜೋಡಣೆಗೆ 3: ಅಗಲ 44 ಸೆಂ.ಮೀ. ಒಳ ಉದ್ದ 14, ಎರಡೂ ತುದಿ ಮಡಿಸಲು ತಲಾ 7: ಉದ್ದ 28 ಸೆಂ.ಮೀ. 90 ಸೆಂ.ಮೀ. ಅಗಲದ ಸುರುಳಿಯಲ್ಲಿ ಒಂದು ಮೀಟರಿಗೆ ಆರು ಗೂಡು ಬರುತ್ತವೆ. ಎರಡೂ ತುದಿಯಲ್ಲಿ 7 ಸೆಂ.ಮೀ. ಆಳಕ್ಕೆ ಆರು ಕಡೆ ಸೀಳಿ, ಹೂವಿನ ಎಸಳಿನಂತೆ ಒಳಮಡಿಸಬೇಕು. ಒಂದು ತುದಿಯನ್ನು ಕಾಯಂ ಹೊಲಿದು, ಇನ್ನೊಂದನ್ನು ಕೊಂಬೆಯ ಸುತ್ತ ಮುಚ್ಚಬೇಕು. ಕತ್ತರಿಸಿದ ತಂತಿ ತುದಿಗಳೆಲ್ಲ ಹೊರಗೆ ಚಾಚದಂತೆ ಪ್ಲೇಯರಿನಲ್ಲಿ ಹಿಂದಕ್ಕೆ ಬಗ್ಗಿಸಬೇಕು.

ಒಂದು ಗೂಡು ಸುಮಾರು 100 ಗ್ರಾಂ ತೂಗುತ್ತದೆ. ಆ ಭಾರ ತೊಟ್ಟಿನ ಮೇಲೆ ಬಿದ್ದರೆ ಕಾಯಿ ಉದುರುತ್ತದೆ, ಆದ್ದರಿಂದ ಕಟ್ಟುವುದು ಕೊಂಬೆಗೆ. ಪೆನ್ಸಿಲ್ ದಪ್ಪಕ್ಕಿಂತ ತೆಳು ರೆಂಬೆಯಾದರೆ ಮೇಲಿನ ಗಟ್ಟಿ ಕೊಂಬೆಯಿಂದ ತಂತಿ ಇಳಿಬಿಡಬೇಕು. ಹೀಚು ನಿಂಬೆಗಾತ್ರ ದಾಟಿ, ತಾನಾಗಿ ಉದುರುವುದೆಲ್ಲ ಉದುರಿದ ಮೇಲೆ, ಬಣ್ಣ ತಿರುಗುವ ಮೊದಲು ಗೂಡು ಕಟ್ಟುವ ಕಾಲ. ಮರದ ಎಲ್ಲ ಕಾಯಿಗೂ ಕಟ್ಟುವುದು ಆಗದ ಮಾತು. ಕೈಗೆ ಸಿಗುವ, ಆರೋಗ್ಯದ ಕಾಯಿಗಳನ್ನು ಆರಿಸಿ ಕಟ್ಟಿ, ನೆತ್ತಿಯಲ್ಲಿರುವುದನ್ನು ಅಳಿಲು, ಹಕ್ಕಿಗಳಿಗೆ ಬಿಡುವುದು ಈ ಮರದ ಮಟ್ಟಿಗೆ ನ್ಯಾಯದ ಹಂಚಿಕೆ. ಅವು ಮೊದಲಿನಿಂದಲೂ ಅಲ್ಲೇ ಇವೆ.

ಬಟ್ಟೆ ಚೀಲ, ಕಾಗದದ ಚೀಲ ಹಣ್ಣುನೊಣವನ್ನು ತಡೆಯುತ್ತವೆ, ಅಳಿಲನ್ನಲ್ಲ. ನೊಣವೂ ಇದ್ದರೆ ಒಳಗೆ ಚೀಲ, ಹೊರಗೆ ಗೂಡು.

ಕೈಬಿಡಬೇಕಾದ ಉಪಾಯಗಳು

ಕಾಂಡಕ್ಕೆ ಗ್ರೀಸು, ಅಂಟು: ಅಳಿಲಿನ ರೋಮಕ್ಕೆ ಮೆತ್ತಿಕೊಂಡರೆ ಅದು ನೆಕ್ಕಿ ಹೊಟ್ಟೆಗೆ ಹೋಗುತ್ತದೆ, ಮೈಯ ಬಿಸುಪು ನಿಲ್ಲುವುದಿಲ್ಲ. ಸಣ್ಣ ಹಕ್ಕಿ, ಹಲ್ಲಿ ಅಂಟಿ ಸಾಯುತ್ತವೆ.

ನುಸಿಗುಳಿಗೆ ನೇತುಹಾಕುವುದು: ತೆರೆದ ಬಯಲಲ್ಲಿ ವಾಸನೆ ನಿಲ್ಲುವುದಿಲ್ಲ, ಗುಳಿಗೆ ಮಾತ್ರ ಮಕ್ಕಳಿಗೂ ಪ್ರಾಣಿಗಳಿಗೂ ವಿಷ.

ಖಾರದ ನೀರು: ಮೆಣಸಿನ ಖಾರ ಸಸ್ತನಿಗಳಿಗೆ ತಾಗುತ್ತದೆ, ಹಕ್ಕಿಗಳಿಗೆ ತಾಗುವುದಿಲ್ಲ ಎಂಬುದು ನಿಜ. ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ, ಸಿಂಪಡಿಸುವವರ ಮತ್ತು ಅಳಿಲಿನ ಕಣ್ಣು ಉರಿಯುತ್ತದೆ, ಹಣ್ಣೂ ಖಾರವಾಗುತ್ತದೆ.

ಗೊಂಬೆ, ಹೊಳೆಯುವ ಪಟ್ಟಿ, ಕಿವಿಗೆ ಕೇಳದ ಸದ್ದಿನ ಯಂತ್ರ: ಹಾನಿ ಏನೂ ಆಗದೆಂದು ಗೊತ್ತಾದ ಕೂಡಲೇ ಅಳಿಲು ಲೆಕ್ಕಿಸುವುದು ಬಿಡುತ್ತದೆ.

ಸಡಿಲ ನೈಲಾನ್ ಬಲೆ: ಅಳಿಲು ಕಡಿದು ಒಳಹೋಗುತ್ತದೆ. ಹಾವು, ಬಾವಲಿ, ಹಕ್ಕಿ ಸಿಕ್ಕಿ ಸಾಯುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರ ಸೆಪ್ಟೆಂಬರ್ 1ರಿಂದ ಮನೆತೋಟದ ಹಣ್ಣುಮರಕ್ಕೆ ಹಾಕುವ ಬಲೆಯ ಕಣ್ಣು ಪೂರ್ತಿ ಎಳೆದಾಗಲೂ 5 × 5 ಮಿ.ಮೀ. ಮೀರಬಾರದೆಂದು ನಿಯಮ ಮಾಡಿದ್ದು ಇದೇ ಕಾರಣಕ್ಕೆ. ಬಲೆಯೊಳಗೆ ಕಿರುಬೆರಳು ತೂರಿದರೆ ಆ ಬಲೆ ಬೇಡ.

ಹಿಡಿದು ದೂರ ಬಿಡುವುದು: ದಯೆಯ ಕೆಲಸವೆಂದು ತೋರುವ ಇದರಲ್ಲೇ ಹೆಚ್ಚು ಕ್ರೌರ್ಯವಿದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಊರಿನ ಬೂದು ಅಳಿಲುಗಳನ್ನು ಹಿಡಿದು ಕಾಡಿನಲ್ಲಿ ಬಿಟ್ಟು ಗಮನಿಸಿ, 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 88 ದಿನಗಳೊಳಗೆ 97% ಅಳಿಲುಗಳು ಸತ್ತಿದ್ದವು ಇಲ್ಲವೇ ಆ ಜಾಗದಿಂದ ಕಾಣೆಯಾಗಿದ್ದವು. ಹೊಸ ಜಾಗದಲ್ಲಿ ಗೂಡಿಲ್ಲ, ಕೂಡಿಟ್ಟ ಆಹಾರವಿಲ್ಲ, ಅಲ್ಲಿನ ಅಳಿಲುಗಳು ಸೇರಿಸಿಕೊಳ್ಳುವುದಿಲ್ಲ. ಹಿಡಿದದ್ದು ತಾಯಾಗಿದ್ದರೆ ಇತ್ತ ಮರಿಗಳೂ ಹೋದವು. ಖಾಲಿಯಾದ ಜಾಗಕ್ಕೆ ಬೇರೆ ಅಳಿಲು ಬರುವುದಂತೂ ತಪ್ಪದು.

ಹಂತ 9: ಕೊಯ್ಲು ಮತ್ತು ಉಸ್ತುವಾರಿ

ಮಾವು, ಸೀಬೆ, ಸಪೋಟ, ಸೇಬು, ಪಿಯರ್ ಇವು ಬಲಿತ ಮೇಲೆ ಕಿತ್ತರೆ ಒಳಗೆ ಹಣ್ಣಾಗುತ್ತವೆ. ದೋರೆಗಾಯಿ ಹಂತದಲ್ಲೇ ಕೊಯ್ದರೆ ಅಳಿಲಿನ ಪಾಲು ತಾನಾಗಿ ಇಳಿಯುತ್ತದೆ. ದಾಳಿಂಬೆ, ಕಿತ್ತಳೆ, ದ್ರಾಕ್ಷಿ, ಲಿಚಿ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಜಾಲರಿ ಕಡಿಮೆಯಿದ್ದರೆ ಮೊದಲು ಇವಕ್ಕೇ ಬಳಸಬೇಕು. ಬಿದ್ದ ಹಣ್ಣನ್ನು ದಿನಾ ಸಂಜೆ ಆರಿಸಿದರೆ ಇಲಿಯ ಕಾಟವೂ ತಗ್ಗುತ್ತದೆ. ಬೇಸಿಗೆಯಲ್ಲಿ ತಡೆ ಹಾಕಿದ ಮರಗಳಿಂದ ದೂರ ಒಂದು ಅಗಲ ಬಾಯಿಯ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸುವುದು ಒಳ್ಳೆಯದು. ಒಣ ದಿನಗಳಲ್ಲಿ ಹಣ್ಣಿನ ರಸ ಅವಕ್ಕೆ ನೀರೂ ಹೌದು.

ತಿಂಗಳಿಗೊಮ್ಮೆ: ಪಟ್ಟಿಯ ಹಿಂದೆ ಸೇರಿದ ಎಲೆ, ಇರುವೆ ಮಣ್ಣು ತೆಗೆಯುವುದು, ಸ್ಪ್ರಿಂಗಿನ ಹಿಗ್ಗು ನೋಡುವುದು, ಜಾಲರಿ ಮನೆಯ ಬುಡ ಸುತ್ತಿ ಬರುವುದು. ಕಾಯಿ ಬಲಿಯುವ ತಿಂಗಳಲ್ಲಿ ವಾರಕ್ಕೊಮ್ಮೆ ಬಾಗಿದ ಕೊಂಬೆಯ ಎತ್ತರ ಅಳೆದು, 1.8 ಮೀಟರಿಗಿಂತ ಇಳಿದರೆ ಮೇಲಿನ ಕವಲಿಗೆ ಅಗಲವಾದ ಪಟ್ಟಿಯಿಂದ ಎತ್ತಿ ಕಟ್ಟಬೇಕು. ಕೆಳಗಿನಿಂದ ಊರುಗೋಲು ಕೊಟ್ಟರೆ ಅದೇ ಏಣಿಯಾಗುತ್ತದೆ. ವರ್ಷಕ್ಕೊಮ್ಮೆ ಕೊಯ್ಲು ಮುಗಿದ ಮೇಲೆ ಪಟ್ಟಿ ಬಿಚ್ಚಿ ತೊಗಟೆ ನೋಡಿ, ಸುತ್ತಳತೆ ಹೊಸದಾಗಿ ಬರೆದುಕೊಳ್ಳಬೇಕು. ಒಂದರ ಮೇಲೊಂದು ಕೂತ ಭಾಗ 15ರಿಂದ 5 ಸೆಂ.ಮೀ.ಗೆ ಇಳಿದಿದ್ದರೆ ಹೊಸ ತಗಡು ಕತ್ತರಿಸುವ ಕಾಲ. ಹಳೆಯದು ಎಳೆಯ ಮರಕ್ಕೆ ಆಗುತ್ತದೆ.